ತೂಕದ ಗಾಜು

ಕನ್ನಡಕದ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಕಡ್ಡಿರಾಯ. ಹೆಸರು ಕೇಳಿ ಯಾರೋ ಒಣಕಲು ಮನುಷ್ಯ ಇರಬೇಕು ಎಂದುಕೊಂಡು ಬಂದವರಿಗೆ ಕಾಣುತ್ತಿದ್ದದ್ದು ಮೇಜಿಗೂ ಗೋಡೆಗೂ ನಡುವೆ ಹೇಗೋ ತುರುಕಿಕೊಂಡು ಕೂತ ಒಂದು ದೊಡ್ಡ ಹೊಟ್ಟೆ. ಹೆಸರು ಬಂದದ್ದು ಮೈಯಿಂದಲ್ಲ, ಕೈಯಿಂದ. ಕನ್ನಡಕದ ಕಡ್ಡಿಯನ್ನು ಬಿಸಿ ಮರಳಿನ ಬಟ್ಟಲಲ್ಲಿ ಹೂತಿಟ್ಟು, ಹದವಾಗಿ ಮೆತ್ತಗಾದಾಗ ಎತ್ತಿ, ಕಿವಿಯ ಹಿಂದೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿಸುವುದರಲ್ಲಿ ಅವನದು ಎತ್ತಿದ ಕೈ. ಅವನು ಕೂರಿಸಿಕೊಟ್ಟ ಕನ್ನಡಕ ಒತ್ತುತ್ತದೆ ಎಂದು ಯಾರೂ ವಾಪಸು ಬಂದದ್ದಿಲ್ಲ. ಈ ಮಾತನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ, ಬಾರದವರಿಗೂ ಹೇಳಿ ಕಳಿಸುತ್ತಿದ್ದ.

ಅಂಗಡಿಯ ಹಿಂದಿನ ಕೋಣೆ ಅಕ್ಕನದು. ಅಲ್ಲಿ ನೀರು ತೊಟ್ಟಿಕ್ಕುವ ಒಂದು ಸಾಣೆಕಲ್ಲಿನ ಚಕ್ರ, ಕಿಟಕಿಗೆ ಮುಖ ಮಾಡಿದ ಒಂದು ಕುರ್ಚಿ. ಗಂಡ ಹೋದ ಮೇಲೆ ತವರಿಗೆ ಬಂದವಳು ಅಪ್ಪನ ಪಕ್ಕ ಆ ಚಕ್ರದ ಮುಂದೆ ಕೂತಳು. ಅಪ್ಪ ಹೋದ ಮೇಲೂ ಏಳಲಿಲ್ಲ. ದುಂಡನೆಯ ಗಾಜನ್ನು ಫ್ರೇಮಿನ ಆಕಾರಕ್ಕೆ ತೇದು ಕೊಡುವುದು ಅವಳ ಕೆಲಸ. ತೇದ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅವಳು ಒಮ್ಮೆ ನೋಡಿದರೆ ಮುಗಿಯಿತು, ಮತ್ತೆ ಅಳೆಯಬೇಕಾಗಿಲ್ಲ. ಈಗ ಎಪ್ಪತ್ತರ ಹತ್ತಿರ ಬಂದಿದ್ದರೂ ಅಂಗಡಿಯ ನಿಜವಾದ ಕಣ್ಣು ಅವಳೇ ಎಂದು ತಮ್ಮನಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಗಿರಾಕಿಗಳೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಕೊಂಚ ಹೆದರಿಕೊಂಡೇ. ಏಕೆಂದರೆ ತಮ್ಮನ ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಅಕ್ಕನದು ಕಡ್ಡಿ ಮುರಿದ ಹಾಗೆ.

ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇತ್ತು. ಒಂದು ಕಣ್ಣು ಹೋದವರಿಗೂ ಕನ್ನಡಕ ಬೇಕಾಗುತ್ತದೆ. ಇರುವ ಕಣ್ಣಿಗೆ ದಪ್ಪ ಗಾಜು ಹಾಕಿ, ಹೋದ ಕಣ್ಣಿನ ಕಡೆ ಯಾವುದೋ ತೆಳ್ಳನೆಯ ಗಾಜು ಸಿಕ್ಕಿಸಿದರೆ ಕನ್ನಡಕ ಒಂದು ಪಕ್ಕಕ್ಕೆ ವಾಲುತ್ತದೆ. ಎದುರಿನವರಿಗೂ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು ಕಾಣುತ್ತದೆ. ಅದಕ್ಕೇ ಎರಡೂ ಕಡೆ ಒಂದೇ ದಪ್ಪದ ಗಾಜು ಹಾಕುತ್ತಾರೆ. ಕಾಣದ ಕಡೆಯದಕ್ಕೆ ಅಪ್ಪ ತೂಕದ ಗಾಜು ಎನ್ನುತ್ತಿದ್ದರು. ಅಂಥ ಕನ್ನಡಕ ಕೊಡುವಾಗ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖ ನೋಡಿ ಹೇಳಲೇಬೇಕು: ಈ ಕಡೆಯದು ತೂಕದ ಗಾಜು, ಇದರಿಂದ ಕಾಣಲ್ಲ. ಹೇಳದೆ ಕಳಿಸಿದರೆ ಮನುಷ್ಯ ಹೊಸ ಗಾಜಿನಿಂದ ನಿಧಾನಕ್ಕೆ ಬೆಳಕು ಬಂದೀತು ಎಂದು ಆಸೆ ಇಟ್ಟುಕೊಳ್ಳುತ್ತಾನೆ, ಆ ಆಸೆಯಲ್ಲೇ ಎಲ್ಲೋ ಮೆಟ್ಟಿಲು ತಪ್ಪುತ್ತಾನೆ ಎನ್ನುವುದು ಅಪ್ಪನ ವಾದ.

ಕಡ್ಡಿರಾಯನಿಗೆ ಆ ಎರಡು ಮಾತು ಜನ್ಮದಲ್ಲಿ ಬಾಯಿಗೆ ಬಂದಿರಲಿಲ್ಲ. ಅಂಥ ಗಿರಾಕಿ ಸ್ಟೂಲಿನ ಮೇಲೆ ಕೂತರೆ ಸಾಕು, ಅವನು ಹಿಂದಿನ ಕೋಣೆಯ ಕಡೆ ಕತ್ತು ತಿರುಗಿಸಿ, “ಅಕ್ಕಾ, ಸ್ವಲ್ಪ ಬಾ” ಎನ್ನುತ್ತಿದ್ದ. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಹೇಳುವುದನ್ನು ಹೇಳಿ, ಗಿರಾಕಿಯ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದಳು. ತಮ್ಮ ಅಷ್ಟು ಹೊತ್ತೂ ಮರಳಿನ ಬಟ್ಟಲಲ್ಲಿ ಏನನ್ನೋ ಹುಡುಕುತ್ತಿರುತ್ತಿದ್ದ.

ಅಕ್ಕನಿಗೆ ಮೊದಲು ಶುರುವಾದದ್ದು ತಲೆನೋವು. ಅದೂ ಇಡೀ ತಲೆಯಲ್ಲ, ಎಡಗಡೆ, ಕಣ್ಣಿಗೂ ಕಿವಿಗೂ ನಡುವಿನ ಕಣತಲೆ. ಒಂದು ಬೆಳಿಗ್ಗೆ ಅಕ್ಕ ಕನ್ನಡಕ ಬಿಚ್ಚಿ ಅವನ ಮುಂದೆ ಇಟ್ಟಳು.

“ಕಡ್ಡಿ ಒತ್ತುತ್ತಿದೆ ಕಣೋ.”

ಅವಳು ಅದನ್ನು ಬೇರೆ ಯಾವ ಮಾತಲ್ಲಿ ಹೇಳಿದ್ದರೂ ಮುಂದಿನದು ಬೇರೆ ಆಗುತ್ತಿತ್ತೋ ಏನೋ. ಆದರೆ ಅವಳೂ ಕನ್ನಡಕದ ಮನೆಯವಳು. ಕಣತಲೆ ನೊಂದರೆ ಅವಳ ಕೈಯೂ ಮೊದಲು ಹೋದದ್ದು ಕಡ್ಡಿಗೇ. ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

“ನಾನು ಕೂರಿಸಿದ್ದು ಒತ್ತುತ್ತಾ? ಇಷ್ಟು ವರ್ಷ ಒತ್ತದೆ ಇದ್ದದ್ದು ಈಗ ಒತ್ತುತ್ತಾ?”

“ನಂಗೊತ್ತಿಲ್ಲ. ನೋವಾಗ್ತಿದೆ, ಸರಿ ಮಾಡು.”

ಅವನು ಬಿಸಿ ಮಾಡಿ ಸಡಿಲಿಸಿದ. ನೋವು ಹೋಗಲಿಲ್ಲ. ಇನ್ನಷ್ಟು ಸಡಿಲಿಸಿದ, ಕನ್ನಡಕ ಮೂಗಿನ ತುದಿಗೆ ಜಾರಿ ಬಂತು, ನೋವು ಇದ್ದಲ್ಲೇ ಇತ್ತು. ಫ್ರೇಮನ್ನೇ ಬದಲಾಯಿಸಿದ. ತಂತಿಯಂಥ ಹಗುರ ಫ್ರೇಮು, ಹಾಕಿಕೊಂಡದ್ದೇ ಗೊತ್ತಾಗದಂಥದ್ದು. ಅಕ್ಕನ ಎಡಗಣ್ಣಿನ ಗಾಜು ಕೂರಿಸುವುದು ಸುಲಭದ ಕೆಲಸವಲ್ಲ. ಆ ಕಣ್ಣಿನ ನೋಟಕ್ಕೆ ಚಿಕ್ಕಂದಿನಿಂದಲೂ ಒಂದು ಓರೆ, ನೆಟ್ಟಗಿನ ಗೆರೆ ಬಾಗಿ ಕಾಣುವಂಥದ್ದು. ಅದಕ್ಕೊಂದು ಓರೆ ನಂಬರು. ಗಾಜನ್ನು ಒಂದೇ ಒಂದು ಕೋನಕ್ಕೆ ತಿರುಗಿಸಿ ಕೂರಿಸಬೇಕು, ಕೂದಲೆಳೆಯಷ್ಟು ತಪ್ಪಿದರೂ ಬಾಗಿಲ ಚೌಕಟ್ಟು ಅವಳಿಗೆ ಬಾಗಿದಂತೆ ಕಾಣುತ್ತಿತ್ತು. ಅದನ್ನೂ ಮಾಡಿದ. ಅಕ್ಕ ಹೊಸ ಫ್ರೇಮು ಹಾಕಿಕೊಂಡಳು. ನಂತರ ಎಡಗೈ ಎತ್ತಿ ಆ ಕಡೆಯ ಕಡ್ಡಿಯನ್ನು ಕಿವಿಯಿಂದ ಬಿಡಿಸಿ ಗಾಳಿಯಲ್ಲಿ ಹಿಡಿದುಕೊಂಡಳು. ಆಮೇಲೆ ದಿನವೂ ಹಾಗೆಯೇ, ಒಂದು ಕೈಯಲ್ಲಿ ಕಡ್ಡಿ, ಒಂದು ಕೈಯಲ್ಲಿ ಗಾಜು.

ಮನೆಯಲ್ಲಿ ಅವನ ಹೆಂಡತಿ ಬೇರೆ ಬೇರೆ ಸಂಗತಿಗಳನ್ನು ಗಮನಿಸುತ್ತಿದ್ದಳು. ಅತ್ತಿಗೆ ತಲೆ ಬಾಚಿಕೊಳ್ಳುತ್ತಿಲ್ಲ. ಬಾಚಣಿಗೆ ತಾಕಿದರೆ ನೆತ್ತಿಯ ಚರ್ಮವೇ ಕಿತ್ತು ಬಂದ ಹಾಗಾಗುತ್ತದಂತೆ. ಬೆಳಿಗ್ಗೆ ಎದ್ದರೆ ಹೆಗಲು ಮರಗಟ್ಟಿ ತೋಳು ಮೇಲೆ ಹೋಗುವುದಿಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತು ಕೈ ನಿಲ್ಲುತ್ತದೆ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಗಿಯಬೇಕು. ಹೆಂಡತಿ ಮೆತ್ತನೆಯ ದಿಂಬು ಹೊಲಿದು ಕೊಟ್ಟಳು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆತ ಬಾಯಿ ತೆರೆಸಿ ನೋಡಿ, ಇದ್ದುದರಲ್ಲಿ ಅಲ್ಲಾಡುತ್ತಿದ್ದ ಒಂದು ಹಲ್ಲು ಕಿತ್ತು ಕಳಿಸಿದ. ಯಾರ ಕೈಯಲ್ಲಿ ಏನಿತ್ತೋ ಅವರು ಅದರಲ್ಲೇ ಮದ್ದು ಮಾಡಿದರು.

“ಕಣ್ಣಿನ ಡಾಕ್ಟರಮ್ಮಂಗೆ ಒಂದ್ಸಲ ತೋರಿಸ್ಬಾರ್ದಾ ರೀ?” ಎಂದಳು ಹೆಂಡತಿ.

ಪಕ್ಕದ ಬೀದಿಯ ಆ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಗಳೆಲ್ಲ ಇವನ ಅಂಗಡಿಗೇ ಬರುತ್ತಿದ್ದವು. ಫ್ರೇಮು ಕೂರಿಸುವುದಕ್ಕೆ ಇವರಂಥವರಿಲ್ಲ ಎಂದು ಆಕೆಯೇ ಹೇಳಿ ಕಳಿಸುತ್ತಿದ್ದರು.

“ಅವರ ಹತ್ರ ಹೋದ್ರೆ ಏನಂತಾರೆ? ಕಡ್ಡಿ ಒತ್ತುತ್ತಿದ್ರೆ ಸರಿ ಮಾಡಿಸ್ಕೊಳ್ಳಿ ಅಂತ ನಮ್ಮಂಗಡಿಗೇ ಚೀಟಿ ಬರೀತಾರೆ,” ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ. ಅವನ ನಗುವಿನೊಳಗೆ ಬೇರೆ ಏನೋ ಇತ್ತು. ಕಡ್ಡಿರಾಯನ ಸ್ವಂತ ಅಕ್ಕನಿಗೇ ಕನ್ನಡಕ ಸರಿಯಾಗಿ ಕೂತಿಲ್ಲ ಎಂದು ಆಕೆಯ ಎದುರು ಹೋಗಿ ಹೇಳಿಕೊಳ್ಳುವುದೇ? ಅವನಿಗೆ ಅದೊಂದು ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಂದು ಫ್ರೇಮು ನೋಡೋಣ ಎಂದ.

ಆ ವಾರವೇ ಒಂದು ಮಧ್ಯಾಹ್ನ ಚಕ್ರದ ಸದ್ದು ತಟ್ಟನೆ ನಿಂತಿತು. ಅವನು ಒಳಗೆ ಹೋಗಿ ನೋಡಿದರೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, ಒಂದು ಕಣ್ಣು ಮುಚ್ಚಿ, ತೆರೆದು, ಇನ್ನೊಂದನ್ನು ಮುಚ್ಚಿ ನೋಡುತ್ತಿದ್ದಳು.

“ಎಡಗಣ್ಣಿಗೆ ಪರದೆ ಬಿದ್ದ ಹಾಗಿದೆ ಕಣೋ. ಮೇಲಿಂದ ಇಳೀತು. ಕಿಟಕಿ ಕೆಳಗಿನ ಅರ್ಧ ಮಾತ್ರ ಕಾಣ್ತಿದೆ.”

ಅವನು ನೀರು ಕೊಟ್ಟ. ಕುರ್ಚಿ ತಿರುಗಿಸಿದ. ಅವಳು ಕಣ್ಣು ಮುಚ್ಚಿ ಕೂತು ಸ್ವಲ್ಪ ಹೊತ್ತಾದ ಮೇಲೆ ತೆರೆದಾಗ ಪರದೆ ಹೋಗಿತ್ತು.

“ಬಂತು,” ಎಂದಳು. “ಆದ್ರೂ ಡಾಕ್ಟರಮ್ಮನ ಹತ್ರ ಹೋಗಿ ಬರ್ತೀನಿ. ಈಗ್ಲೇ ಹೋಗ್ತೀನಿ.”

ಸೀರೆಯ ಸೆರಗು ಸರಿ ಮಾಡಿಕೊಂಡು ಎದ್ದೂ ಬಿಟ್ಟಿದ್ದಳು. ಆಗ ಅವನು ಮಾಡಿದ ಕೆಲಸ ಇದು: ಅವಳನ್ನು ಮುಂದಿನ ಕೋಣೆಗೆ ಕರೆತಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದ. ಬಲಗಣ್ಣು ಮುಚ್ಚಿಸಿದ. ಗೋಡೆಯ ಅಕ್ಷರದ ಪಟ್ಟಿ ಓದಿಸಿದ. ಅಕ್ಕ ಎಡಗಣ್ಣೊಂದರಿಂದಲೇ ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆಸಾಲಿನವರೆಗೂ ಒಂದೂ ತಪ್ಪದೆ ಓದಿದಳು.

“ನೋಡಿದ್ಯಾ? ನಿನ್ನ ಕಣ್ಣಿಗೇನೂ ಆಗಿಲ್ಲ ಅಕ್ಕ,” ಎಂದ, ಬೆಣ್ಣೆಯಂಥ ದನಿಯಲ್ಲಿ. “ಹೊಸ ಫ್ರೇಮಿನ ಬಾಗು ಬೇರೆ, ಕಣ್ಣು ದಣಿದಿದೆ. ಕೊನೆ ಸಾಲು ಓದೋ ಕಣ್ಣಿಗೆ ಡಾಕ್ಟರು ಯಾಕೆ?”

ಅವಳು ಅವನ ಮುಖವನ್ನೇ ನೋಡಿದಳು. ಯಾರ ಮಾತನ್ನೂ ಸುಲಭಕ್ಕೆ ಒಪ್ಪದ ಹೆಂಗಸು, “ಹಾಗಂತೀಯಾ” ಎಂದು ಸೆರಗು ಬಿಟ್ಟು ಒಳಗೆ ಹೋದಳು. ಚಕ್ರ ಮತ್ತೆ ತಿರುಗತೊಡಗಿತು, ಅವನಿಗೂ ಜೀವಕ್ಕೆ ನೆಮ್ಮದಿಯಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಹಾಸಿಗೆಯ ಮೇಲೆ ಎದ್ದು ಕೂತು ತಮ್ಮನ ಹೆಂಡತಿಯನ್ನು ಕರೆದಳು. ಎಡಗಣ್ಣಿನಲ್ಲಿ ಪರದೆ ಪೂರ್ತಿ ಬಿದ್ದಿತ್ತು. ಕೆಳಗಿನ ಅರ್ಧವೂ ಇರಲಿಲ್ಲ.

ಡಾಕ್ಟರಮ್ಮ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ದೀಪ ಕೆಳಗಿಟ್ಟು, ಅಕ್ಕನ ಎಡಗಡೆಯ ಕೂದಲು ಮೆಲ್ಲಗೆ ಸರಿಸಿ, ಕಣತಲೆಯ ಮೇಲೆ ಎರಡು ಬೆರಳಿಟ್ಟರು. ಅಕ್ಕ ಮುಖ ಕಿವುಚಿದಳು. ಕಡ್ಡಿರಾಯ ಬಗ್ಗಿ ನೋಡಿದ. ಚರ್ಮದ ಕೆಳಗೆ ಒಂದು ರಕ್ತನಾಳ ದಪ್ಪ ದಾರದಂತೆ ಉಬ್ಬಿ, ಸೊಟ್ಟಪಟ್ಟ ಓಡಿತ್ತು. ತಿಂಗಳುಗಟ್ಟಲೆ ಅದೇ ಜಾಗವನ್ನು ಅವನು ನೋಡಿದ್ದ, ಬೆರಳಿನಿಂದ ಮುಟ್ಟಿದ್ದ. ಮೇಲಿನ ಕಡ್ಡಿಯನ್ನು ನೋಡಿದ್ದನೇ ಹೊರತು ಕೆಳಗಿನ ನಾಳವನ್ನಲ್ಲ.

“ಇಲ್ಲಿ ನಾಡಿ ಬಡೀಬೇಕು. ಬಡೀತಾ ಇಲ್ಲ,” ಎಂದರು ಡಾಕ್ಟರಮ್ಮ. “ಈ ರಕ್ತನಾಳದ ಗೋಡೆ ಊದ್ಕೊಂಡಿದೆ. ವಯಸ್ಸಾದವರಿಗೆ ಬರೋ ಒಂದು ಕಾಯಿಲೆ ಇದು. ತಲೆನೋವು, ನೆತ್ತಿ ಉರಿ, ಅಗಿಯುವಾಗ ದವಡೆ ಸೋಲೋದು, ಎಲ್ಲಾ ಇದರದ್ದೇ. ಇದೇ ಊತ ಕಣ್ಣಿಗೆ ರಕ್ತ ಕೊಡೋ ನಾಳಕ್ಕೂ ಹೋಗಿ ಮುಚ್ಚಿಬಿಟ್ಟಿದೆ.”

“ಕಡ್ಡಿ ಒತ್ತಿದ್ದಕ್ಕೆ...” ಎಂದು ಅವನು ಶುರು ಮಾಡಿದ.

“ಕನ್ನಡಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ.”

ಬೇರೆ ಯಾವಾಗಲಾದರೂ ಆ ಮಾತು ಅವನಿಗೆ ಸನ್ಮಾನದಂತೆ ಕೇಳುತ್ತಿತ್ತು.

“ಆ ಕಣ್ಣು ವಾಪಸು ಬರೋ ಆಸೆ ಇಟ್ಕೋಬೇಡಿ,” ಎಂದು ಡಾಕ್ಟರಮ್ಮ ನೇರವಾಗಿ ಅಕ್ಕನಿಗೆ ಹೇಳಿದರು. “ಈಗ ಇನ್ನೊಂದನ್ನ ಉಳಿಸ್ಕೋಬೇಕು. ಬಿಟ್ರೆ ದಿನಗಳಲ್ಲೇ ಅದೂ ಹೋಗಬಹುದು. ಇವತ್ತೇ ಆಸ್ಪತ್ರೆಗೆ ಸೇರಬೇಕು, ಈಗ್ಲೇ ಔಷಧ ಶುರುವಾಗಬೇಕು. ಪರೀಕ್ಷೆಗಳು ಆಮೇಲೆ ಆಗ್ಲಿ.” ಚೀಟಿ ಬರೆಯುತ್ತ ಕೇಳಿದರು: “ಮುಂಚೆ ಯಾವಾಗಾದ್ರೂ ಸ್ವಲ್ಪ ಹೊತ್ತು ಕಣ್ಣು ಮಂಕಾಗಿ ಸರಿಹೋಗಿತ್ತಾ? ಪರದೆ ಬಿದ್ದ ಹಾಗೆ?”

ಕಡ್ಡಿರಾಯ ನೆಲ ನೋಡಿದ. ಅಕ್ಕ ಈಗ ಹೇಳುತ್ತಾಳೆ. ಹೇಳಲಿ.

“ನಿನ್ನೆ ಆಗಿತ್ತು,” ಎಂದಳು ಅಕ್ಕ.

“ನಿನ್ನೆಯೇ ಬಂದಿದ್ರೆ,” ಎಂದ ಡಾಕ್ಟರಮ್ಮ ಮುಂದಿನದನ್ನು ನುಂಗಿಕೊಂಡರು. ಆಕೆ ಒಳ್ಳೆಯ ಹೆಂಗಸು. ಆದರೆ ನುಂಗಿದ್ದು ಅವನಿಗೆ ಪೂರ್ತಿ ಕೇಳಿಸಿತು. ತಡೆದದ್ದು ತಮ್ಮ ಎಂದು ಅಕ್ಕ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಸ್ಟೆರಾಯ್ಡನ್ನು ಬಾಟಲಿಯಲ್ಲಿ ತುಂಬಿ ನೇರವಾಗಿ ರಕ್ತಕ್ಕೆ ಕೊಟ್ಟರು. ಕಣತಲೆಯ ಆ ನಾಳದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ ಹೇಳಿದ್ದೇ ನಿಜವಾಯಿತು. ವಿಚಿತ್ರವೆಂದರೆ ತಲೆನೋವು ಬಲು ಬೇಗ ಹೋಯಿತು. ಅಕ್ಕ ನಿದ್ದೆ ಮಾಡಿ ಎದ್ದು ತಾನೇ ತಲೆ ಬಾಚಿಕೊಂಡಳು, ಊಟ ಅಗಿದು ತಿಂದಳು. ಇಷ್ಟು ಸುಲಭವಾಗಿ ಹೋಗುವಂಥದ್ದು ತಿಂಗಳುಗಟ್ಟಲೆ ಅಲ್ಲಿ ಕೂತಿತ್ತಲ್ಲ ಎಂದು ಅವನು ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅವನು ಹೆಂಡತಿಗೆ ಹೇಳಿದ: “ಅವಳು ಹೊರಟಿದ್ಲು. ನಾನೇ ತಡೆದೆ.”

“ಗೊತ್ತು,” ಎಂದಳು ಹೆಂಡತಿ. “ಅತ್ತಿಗೆ ಆವತ್ತು ಮನೆಗೆ ಬಂದು ಹೇಳಿದ್ರು. ತಮ್ಮ ನೋಡಿದಾನೆ, ಏನೂ ಆಗಿಲ್ವಂತೆ ಅಂದ್ರು. ಎಷ್ಟು ನಿರಾಳವಾಗಿ ಅಂದ್ರು ಗೊತ್ತಾ.”

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಳು ಬಂದಿದ್ದರೆ ಅತ್ತುಬಿಡುತ್ತಿದ್ದ.

ಮನೆಗೆ ಬಂದ ಮೇಲೆ ಮಾತ್ರೆಗಳ ಕಾಲ ಶುರುವಾಯಿತು. ಅಕ್ಕನ ಮುಖ ಊದಿ ಗುಂಡಗಾಯಿತು, ಕೈ ಸಣ್ಣಗೆ ನಡುಗುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಮಾತ್ರೆಯನ್ನು ಇಷ್ಟಿಷ್ಟೇ ಇಳಿಸುತ್ತ ಹೋಗಬೇಕು, ತಟ್ಟನೆ ನಿಲ್ಲಿಸಿದರೆ ಬಲಗಣ್ಣಿಗೂ ಅಪಾಯ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅಕ್ಕ ಒಂದನ್ನೂ ತಪ್ಪಿಸಲಿಲ್ಲ. ಅಂಗಡಿಗೆ ಬಂದು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು, ಚಕ್ರ ಮುಟ್ಟುತ್ತಿರಲಿಲ್ಲ. ಒಂದೇ ಕಣ್ಣಿಗೆ ಕಲ್ಲು ಎಷ್ಟು ದೂರ, ಗಾಜು ಎಷ್ಟು ದೂರ ಎಂಬ ಅಂದಾಜು ಸಿಗದೆ, ಮೊದಲ ದಿನವೇ ಬೆರಳು ತೇದುಕೊಂಡಿದ್ದಳು. ಈಗ ತೇಯುವುದೂ ಅವನೇ, ಕೂರಿಸುವುದೂ ಅವನೇ.

ಅವನನ್ನು ಕೊಲ್ಲುತ್ತಿದ್ದದ್ದು ಅದ್ಯಾವುದೂ ಅಲ್ಲ. ಅಕ್ಕ ಬೈಯಲಿಲ್ಲ. ಗಿರಾಕಿ ಬಾಗಿಲು ಹಾಕದೆ ಹೋದರೂ ಬೈಯುತ್ತಿದ್ದವಳು, ಅಪ್ಪನಿಗೂ ಎದುರು ಮಾತಾಡಿದವಳು, ತಮ್ಮನಿಂದ ತನ್ನ ಒಂದು ಕಣ್ಣೇ ಹೋದರೂ ತುಟಿ ಬಿಚ್ಚಲಿಲ್ಲ. ಅವನು ಬೇಕೆಂದೇ ಕೆಲಸ ಕೆಡಿಸಿ ನೋಡಿದ. ಅಂಚು ಒರಟಾಗಿ ತೇದು ಅವಳ ಕೈಗೆ ಕೊಟ್ಟ. ಅವಳು ಬೆರಳಾಡಿಸಿ, “ಇನ್ನೊಂದ್ಸಲ ತೇಯಿ” ಎಂದಳು, ಅಷ್ಟೇ. ಬೈದಿದ್ದರೆ ಊಟ ಸೇರುತ್ತಿತ್ತು.

ಅದಕ್ಕೆ ಬದಲಾಗಿ ಅವನು ಬಲಗಣ್ಣಿನ ಕಾವಲಿಗೆ ನಿಂತ. ಕಾಣ್ತಿದೆಯಾ ಅಕ್ಕ ಎಂದು ಹೋಗುತ್ತ ಬರುತ್ತ ಕೇಳುವುದು. ಒಂದು ದಿನ ಅವಳು ಪೇಪರು ಓದುತ್ತ ಕೂತಿದ್ದಾಗ, “ಮೂಲೇಲಿ ಏನೋ ಮಂಜು ಮಂಜಾಗಿದೆ” ಎಂದದ್ದೇ ತಡ, ಸ್ಟೂಲಿನ ಮೇಲೆ ಅರ್ಧ ಕನ್ನಡಕ ಹಾಕಿಕೊಂಡು ಕೂತಿದ್ದ ಗಿರಾಕಿಯನ್ನು ಹಾಗೆಯೇ ಬಿಟ್ಟು, ಅಕ್ಕನ ಕೈ ಹಿಡಿದು ಬೀದಿಗಿಳಿದ. ಆ ಹೊಟ್ಟೆ ಹೊತ್ತುಕೊಂಡು ಅವನು ಓಡಿದ್ದನ್ನು ಬೀದಿ ಕಂಡದ್ದು ಅದೇ ಮೊದಲು. ಡಾಕ್ಟರಮ್ಮನ ಕೋಣೆಗೆ ನುಗ್ಗಿ, ಉಸಿರು ಬಿಡಲಾರದೆ, “ಪರದೆ, ಪರದೆ” ಎಂದ.

ಡಾಕ್ಟರಮ್ಮ ಎಲ್ಲವನ್ನೂ ಬಿಟ್ಟು ಪರೀಕ್ಷೆ ಮಾಡಿದರು. ಕಣ್ಣು ಚೆನ್ನಾಗಿತ್ತು. ಕೊನೆಗೆ ಅಕ್ಕನ ಕನ್ನಡಕ ಎತ್ತಿ ಬೆಳಕಿಗೆ ಹಿಡಿದು, ಬಟ್ಟೆಯಿಂದ ಒರೆಸಿ ವಾಪಸು ಹಾಕಿದರು.

“ಈಗ?”

“ಹೋಯ್ತು,” ಎಂದಳು ಅಕ್ಕ.

ಬೆಳಿಗ್ಗೆ ಕಡ್ಡಿ ನೋಡುತ್ತೇನೆಂದು ಅವನು ತೆಗೆದುಕೊಂಡಿದ್ದಾಗ ಬಿದ್ದ ಅವನದೇ ಹೆಬ್ಬೆರಳಿನ ಗುರುತು. ಅಕ್ಕನಿಗೆ ನಗು ಬಂತು. ಊದಿದ ಗಲ್ಲ ಕುಣಿಯುವಂತೆ ನಕ್ಕಳು, ಡಾಕ್ಟರಮ್ಮನೂ ನಕ್ಕರು. ಅವನಿಗೆ ನಗಲಾಗಲಿಲ್ಲ. ಗುರುತು ಒರೆಸಿದರೆ ಸಾಕಿದ್ದ ದಿನ ಓಡಿ ಬಂದೆ, ಓಡಬೇಕಾದ ದಿನ ಕೂರಿಸಿ ಅಕ್ಷರ ಓದಿಸಿದೆ ಎಂದುಕೊಂಡ.

ಬಂದವರನ್ನು ಬರಿಗೈಯಲ್ಲಿ ಕಳಿಸುವುದೇಕೆ ಎಂದು ಡಾಕ್ಟರಮ್ಮ ಬಲಗಣ್ಣಿನ ನಂಬರನ್ನೂ ನೋಡಿದರು. ಔಷಧದಿಂದ ರಕ್ತದಲ್ಲಿ ಸಕ್ಕರೆ ಏರಿ ಇಳಿದು, ನಂಬರು ಬದಲಾಗಿ ನಿಂತಿತ್ತು. ಹೊಸ ಗಾಜಿಗೆ ಚೀಟಿ ಬರೆದರು. ಬಲಗಡೆ ನಂಬರು. ಎಡಗಡೆ ಒಂದು ಅಡ್ಡಗೆರೆ, ಅಷ್ಟೇ. ಅಂಥ ಗೆರೆಯನ್ನು ಅವನು ಎಷ್ಟೋ ಚೀಟಿಗಳಲ್ಲಿ ನೋಡಿದ್ದ. ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆ ಕನ್ನಡಕಕ್ಕೆ ಅವನು ತನ್ನೆಲ್ಲ ಕೈಚಳಕ ಹಾಕಿದ. ಬಲಗಡೆಯದನ್ನು ತೇದು ಕೂರಿಸಿದ. ಎಡಗಡೆಗೆ ಬಲಗಡೆಯಷ್ಟೇ ದಪ್ಪದ, ಓರೆಯಿಲ್ಲದ ಸಾದಾ ಗಾಜು ಸಾಕಿತ್ತು, ಕಪಾಟಿನಲ್ಲಿ ಇತ್ತೂ ಕೂಡ. ಅದನ್ನು ಕೈಗೆತ್ತಿಕೊಂಡ. ಮತ್ತೆ ಅಲ್ಲೇ ಇಟ್ಟ. ನಂತರ ಓರೆ ನಂಬರಿನ ಒಂದು ಗಾಜು ತೆಗೆದು, ಅಕ್ಕನ ಎಡಗಣ್ಣಿಗೆ ಇಷ್ಟು ವರ್ಷ ಕೂರಿಸುತ್ತ ಬಂದ ಅದೇ ಕೋನಕ್ಕೆ ಗುರುತು ಹಾಕಿಕೊಂಡು, ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದ. ಕಣ್ಣು ಯಾವಾಗ ಬಂದರೂ ಗಾಜು ಸಿದ್ಧ ಇರಲಿ ಎಂದು ಅವನ ಕೈ ಅಂದುಕೊಂಡಿತು.

ಕಡ್ಡಿಗಳನ್ನು ಮರಳಲ್ಲಿ ಕಾಯಿಸಿ ಬಾಗಿಸಿ, ಅಕ್ಕನನ್ನು ಕರೆದ. ಅವಳು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಕೂರಿಸಿದ.

“ಒತ್ತುತ್ತಾ?”

“ಇಲ್ಲ. ಚೆನ್ನಾಗಿ ಕೂತಿದೆ.”

ಅವನು ಉಸಿರು ಬಿಟ್ಟ. ಆದರೆ ಅಕ್ಕ ಯಾವ ಕನ್ನಡಕವನ್ನು ತಾನೇ ಪರೀಕ್ಷಿಸದೆ ಬಿಟ್ಟವಳು? ಹೊಸದನ್ನು ಬಿಚ್ಚಿ, ಹಳೆಯದನ್ನು ಹಾಕಿಕೊಂಡು, ಹೊಸದನ್ನು ಕೈ ಚಾಚಿ ಮುಂದೆ ಹಿಡಿದು, ಒಂದೊಂದೇ ಗಾಜಿನ ಮೂಲಕ ಬಾಗಿಲ ಚೌಕಟ್ಟು ನೋಡಿದಳು. ನಡುಗುವ ಕೈಗೆ ಇನ್ನೊಂದು ಕೈ ಆಸರೆ ಕೊಟ್ಟಳು. ಬಲಗಡೆಯದನ್ನು ಮೆಲ್ಲಗೆ ತಿರುಗಿಸಿದಳು. ಚೌಕಟ್ಟು ನೆಟ್ಟಗೇ ಇತ್ತು. ಎಡಗಡೆಯದನ್ನು ತಿರುಗಿಸಿದಳು. ಗಾಜಿನೊಳಗೆ ಚೌಕಟ್ಟು ಮುರಿದು ಪಕ್ಕಕ್ಕೆ ಬಾಗಿತು. ಮತ್ತೊಮ್ಮೆ ತಿರುಗಿಸಿದಳು. ಮತ್ತೆ ಬಾಗಿತು. ಸಾದಾ ಗಾಜಿನಲ್ಲಿ ಹಾಗಾಗುವುದಿಲ್ಲ.

“ಇದರಲ್ಲಿ ಓರೆ ನಂಬರು ಇದೆ,” ಎಂದಳು.

ಅವನು ಮರಳಿನ ಬಟ್ಟಲಲ್ಲಿ ಏನನ್ನೋ ಹುಡುಕತೊಡಗಿದ.

“ಯಾರಿಗೆ ಮಾಡಿದ್ದು ಇದನ್ನ?”

“ನಿಂಗೇ ಅಕ್ಕ. ನಿನ್ನ ನಂಬರೇ. ಅಕಸ್ಮಾತ್...”

“ಅಕಸ್ಮಾತ್ ಏನು?”

ಅಕ್ಕ ಕನ್ನಡಕವನ್ನು ಮಡಿಲಲ್ಲಿ ಇಟ್ಟುಕೊಂಡಳು. ದನಿ ಏರಿಸಲಿಲ್ಲ.

“ಆವತ್ತು ಇದೇ ಸ್ಟೂಲಿನ ಮೇಲೆ ಕೂರಿಸಿ ನಿನ್ನ ಕಣ್ಣಿಗೇನೂ ಆಗಿಲ್ಲ ಅಂದೆ. ಏನೋ ಆಗಿದೆ ಅಂತ ನಂಗೆ ಒಳಗೇ ಗೊತ್ತಿತ್ತು. ಆದ್ರೂ ನಂಬಿದೆ, ಹೇಳಿದ್ದು ನೀನು ಅಂತ. ನಂಬಬೇಕು ಅಂತ ನಂಗೂ ಆಸೆ ಇತ್ತು, ನಿಂದೊಂದೇ ತಪ್ಪು ಅನ್ನಲ್ಲ. ಆದ್ರೆ ಇವತ್ತೂ ಅದನ್ನೇ ಹೇಳ್ತಿದೀಯಲ್ಲೋ. ಬಾಯಲ್ಲಿ ಹೇಳೋ ಬದ್ಲು ಗಾಜಲ್ಲಿ ಹೇಳ್ತಿದೀಯ.”

ತಿಂಗಳುಗಳಿಂದ ಅವನು ಕಾಯುತ್ತಿದ್ದ ಬೈಗುಳ ಬಂದಿತ್ತು. ಬಂದರೆ ಹಗುರವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಮೇಜು ಹಿಡಿದುಕೊಂಡು ನಿಂತ, ಕಣ್ಣಿಂದ ನೀರು ಇಳಿದು ಮರಳಿನ ಬಟ್ಟಲಿಗೆ ಬಿತ್ತು.

“ಬಿಚ್ಚು ಅದನ್ನ,” ಎಂದಳು ಅಕ್ಕ. “ಹಾಕಬೇಕಾದ್ದು ಹಾಕು.”

ಅವನು ಹಿಂದಿನ ಕೋಣೆಗೆ ಹೋಗಿ ಕಪಾಟಿನಿಂದ ಸಾದಾ ಗಾಜು ತೆಗೆದ. ಅಕ್ಕನ ಕುರ್ಚಿಯಲ್ಲಿ ಕೂತು ಚಕ್ರ ತಿರುಗಿಸಿ ತೇದ. ಮುಂದಿನ ಕೋಣೆಯಿಂದಲೇ ಅವಳು ಸದ್ದು ಕೇಳುತ್ತ, “ಜೋರಾಯ್ತು, ಒತ್ತಬೇಡ” ಎಂದಳು. ಅವನು ಕೈ ಸಡಿಲಿಸಿದ. ತೇದದ್ದನ್ನು ಒರೆಸಿ, ಫ್ರೇಮಿಗೆ ಕೂರಿಸಿ, ತಂದು ಅವಳ ಮುಖಕ್ಕೆ ಹಾಕಿದ. ಕನ್ನಡಕ ಎರಡೂ ಕಡೆ ಸಮನಾಗಿ ನಿಂತಿತು. ದಪ್ಪ ಗಾಜಿನ ಹಿಂದೆ ಎರಡು ಕಣ್ಣೂ ಒಂದೇ ಅಳತೆಗೆ ಕಂಡವು, ಎರಡೂ ಅವನನ್ನೇ ನೋಡುತ್ತಿರುವ ಹಾಗೆ.

ಅಕ್ಕ ಏಳಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕಾದಳು.

“ಹೇಳು,” ಎಂದಳು.

ಅವನಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಅವನ ಕತ್ತು ಅಭ್ಯಾಸದಂತೆ ಹಿಂದಿನ ಕೋಣೆಯ ಕಡೆ ತಿರುಗಿತು, ಅಕ್ಕಾ ಸ್ವಲ್ಪ ಬಾ ಎನ್ನುವುದಕ್ಕೆ ಬಾಯಿಯೂ ತೆರೆಯಿತು. ಅಲ್ಲಿ ಕಿಟಕಿ, ಖಾಲಿ ಕುರ್ಚಿ, ತೊಟ್ಟಿಕ್ಕುವ ನೀರು ಬಿಟ್ಟರೆ ಯಾರೂ ಇರಲಿಲ್ಲ.

ಅವನು ಮುಖ ಈ ಕಡೆ ತಿರುಗಿಸಿ ಅವಳನ್ನು ನೋಡಿದ.

“ಅಕ್ಕ, ಈ ಕಡೆಯದು ತೂಕದ ಗಾಜು. ಇದರಿಂದ ಕಾಣಲ್ಲ.”

ಹೇಳಿ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ. ಆ ಕೈಯ ಮೇಲೆ ಅಕ್ಕ ತನ್ನ ಕೈ ಇಟ್ಟಳು.

“ಸರಿ,” ಎಂದಳು. “ಈಗ ಕಾಣೋ ಕಡೆಯದನ್ನ ಒರೆಸು. ಮತ್ತೆ ನಿನ್ನ ಹೆಬ್ಬೆರಳು ಬಿದ್ದಿದೆ.”